ಹಿಂಜವಡಿ ಬಸ್ಸಿನ ಅಕ್ಕನಿಗೆ

ಅಕ್ಕಾ, ಹೆಸರು ಹಾಕಬೇಡ ಅಂದಿದ್ದೀರಿ, ಹಾಕುವುದಿಲ್ಲ. ಆದರೆ ನಾಲ್ಕು ಜನರ ಮುಂದೆ ಥ್ಯಾಂಕ್ಸ್ ಹೇಳದೆ ನನಗೆ ಸಮಾಧಾನ ಇಲ್ಲ.

ಬಿಸಿನೆಸ್ ಅನಾಲಿಸಿಸ್ ಅಂದರೆ ಸಂಸ್ಥೆಗೆ ನಿಜವಾಗಿ ಏನು ಬೇಕು ಅಂತ ಕಂಡುಹಿಡಿದು ಪರಿಹಾರ ಸೂಚಿಸುವ ಕೆಲಸ. ಆ ಕ್ಷೇತ್ರದ ಅಂತರರಾಷ್ಟ್ರೀಯ ಸಂಸ್ಥೆ ಐಐಬಿಎ ನಡೆಸುವ ಸಿಬಿಎಪಿ ಎಂಬ ಸರ್ಟಿಫಿಕೇಟ್ ಪರೀಕ್ಷೆಗೆ ಕೂರಲು ಹಿಂದಿನ 10 ವರ್ಷಗಳಲ್ಲಿ 7500 ಗಂಟೆ ಈ ಕೆಲಸ ಮಾಡಿರಬೇಕು. ಅದನ್ನು ಓದಿಯೇ ನನ್ನ ಎದೆ ಧಸಕ್ ಅಂದಿತ್ತು. ಪುಣೆಯ ಕೋಥ್ರೂಡಿನಿಂದ ಹಿಂಜವಡಿಗೆ ಹೋಗುವ ಆಫೀಸ್ ಬಸ್ಸಿನಲ್ಲೇ ನೀವು ನನ್ನ ಹಳೆಯ ಪ್ರಾಜೆಕ್ಟುಗಳನ್ನು ಬಿಡಿಸಿ, ಯಾವ ಗಂಟೆ ಯಾವ ನಾಲೆಜ್ ಏರಿಯಾಕ್ಕೆ, ಅಂದರೆ ಈ ಕೆಲಸದ ಯಾವ ವಿಭಾಗಕ್ಕೆ ಅಂತ ಬರೆಸಿದಿರಿ. ವಾಕಡ್ ಟ್ರಾಫಿಕ್ ಉಪಯೋಗಕ್ಕೆ ಬಂದದ್ದು ಅದೇ ಮೊದಲು!

ಐಐಬಿಎಯ ಕೈಪಿಡಿ ಬಾಬಾಕ್‌ನ 30 ಟಾಸ್ಕ್, 50 ಟೆಕ್ನಿಕ್ ಸುಮ್ನೆ ಬಾಯಿಪಾಠ ಮಾಡಿದರೆ ಸಾಲದು ಅಂತ ಕ್ಯಾಂಟೀನ್ ಉದಾಹರಣೆ ಕೊಟ್ಟಿರಲ್ಲ, ಅದೇ ನನ್ನನ್ನು ದಡ ಮುಟ್ಟಿಸಿತು. ‘ಊಟ ಬೇಗ ಸಿಗಬೇಕು’ ಎಂಬ ಬೇಡಿಕೆ ವೆರಿಫೈನಲ್ಲೇ, ಅಂದರೆ ಸ್ಪಷ್ಟವಾಗಿ, ಅಳೆಯುವಂತೆ ಬರೆದಿದೆಯೇ ಎಂಬ ಪರೀಕ್ಷೆಯಲ್ಲೇ, ಫೇಲ್ ಆಗುತ್ತದೆ. ಬೇಗ ಅಂದರೆ ಎಷ್ಟು ನಿಮಿಷ, ಅಲ್ವಾ? ‘ಕೂಪನ್ ಹಸಿರಾಗಿರಬೇಕು’ ಎಂಬುದು ಸ್ಪಷ್ಟವಾಗಿದೆ, ಟೆಸ್ಟ್ ಕೂಡ ಮಾಡಬಹುದು. ಆದರೆ ಅದರಿಂದ ಕ್ಯೂ ಒಂದಿಂಚೂ ಕರಗುವುದಿಲ್ಲ. ಹಾಗಾಗಿ ವ್ಯಾಲಿಡೇಟ್ ಆಗುವುದಿಲ್ಲ, ಅಂದರೆ ನಮ್ಮ ಗುರಿಗೆ ಉಪಯೋಗ ಇಲ್ಲ.

ಪರೀಕ್ಷೆಯಲ್ಲಿ 120 ಪ್ರಶ್ನೆ, ಮೂರೂವರೆ ಗಂಟೆ, ಉದ್ದುದ್ದ ಕೇಸ್ ಸ್ಟಡಿ. ‘ಕೆಲಸ ಎಲ್ಲಿಗೆ ಬಂದು ನಿಂತಿದೆ, ಮೊದಲು ಅದು ನೋಡು’ ಎಂಬ ನಿಮ್ಮ ಮಾತನ್ನೇ ಹಿಡಿದು ಕೂತೆ. ಪಾಸಾದೆ.

ಕಲಿಸಿದ್ದಕ್ಕೆ ನಿಮಗೆ ಫೀಸ್ ಕೊಡುವ ಮಾತೆತ್ತಿದ್ದಕ್ಕೆ ಬೈದಿರಿ, ಇರಲಿ. ಮೂರು ವರ್ಷಕ್ಕೊಮ್ಮೆ 60 ಸಿಡಿಯು (ಕಲಿಕೆ ಮುಂದುವರಿಸಿದ್ದಕ್ಕೆ ಸಿಗುವ ಅಂಕ) ತೋರಿಸಿ ಸರ್ಟಿಫಿಕೇಟ್ ನವೀಕರಿಸಬೇಕಂತೆ. ಆಗಲೂ ನಿಮ್ಮನ್ನೇ ಕಾಡುತ್ತೇನೆ, ಕಿಟಕಿ ಪಕ್ಕದ ಸೀಟು ಬಿಟ್ಟುಕೊಡುತ್ತೇನೆ.