ಮಗಳಿಗೊಂದು ಪತ್ರ: ಗ್ರಿಫಿ ಆಡದೆ ಉಳಿದ ಪಂದ್ಯಗಳು

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಜಾಸ್ತಿ ಮಾತಾಡಲಿಲ್ಲ. ಆಪರೇಷನ್ ಆಗಿ ಮೂರು ವಾರ ಆಯ್ತು, ಕ್ರಚಸ್ ಇನ್ನೂ ಬಿಟ್ಟಿಲ್ಲ, ತೊಡೆಯ ಹಿಂದೆ ಸೆಳೀತಾನೇ ಇದೆ ಅಂದೆ. ಆಮೇಲೆ ಲೆಕ್ಕ ಶುರು ಮಾಡಿದೆ. ಈ ಸೀಸನ್‌ನಲ್ಲಿ ಎಷ್ಟು ಪಂದ್ಯ ಹೋಯ್ತು, ಆಡಿದ್ದಿದ್ದರೆ ಎಷ್ಟು ಹೋಮ್ ರನ್ (ನಮ್ಮ ಕ್ರಿಕೆಟ್ಟಿನ ಸಿಕ್ಸರ್ ಥರ) ಆಗ್ತಿತ್ತು ಅಂತ. ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಆ ಲೆಕ್ಕ ನನಗೆ ಚೆನ್ನಾಗಿ ಗೊತ್ತು ಕಣಮ್ಮ. ಅಮೆರಿಕದ ಬೇಸ್‌ಬಾಲ್ ಆಟಗಾರ ಕೆನ್ ಗ್ರಿಫಿ ಜೂನಿಯರ್ ವಿಷಯದಲ್ಲಿ ನಾನೂ ವರ್ಷಗಟ್ಟಲೆ ಅದನ್ನೇ ಹಾಕುತ್ತಿದ್ದೆ.

ನಿನಗೆ ಅವನು ರೂಮಿನ ಗೋಡೆಯ ಮೇಲಿನ ಪೋಸ್ಟರ್, ಟೋಪಿ ಹಿಂದುಮುಂದು ಹಾಕಿಕೊಂಡು ನಗುವ ಹುಡುಗ. ನಾನು ಕಂಡ ಗ್ರಿಫಿಯ ಬಗ್ಗೆ ನಿನಗೆ ಸರಿಯಾಗಿ ಯಾವತ್ತೂ ಹೇಳಿಲ್ಲ.

1995ರ ಚಳಿಗಾಲದಲ್ಲಿ ನಾನು ಸಿಯಾಟಲ್‌ಗೆ ಬಂದಾಗ ಬೇಸ್‌ಬಾಲಿನ ಗಂಧಗಾಳಿ ಇರಲಿಲ್ಲ. ಒಂದೇ ಮನೆಯಲ್ಲಿ ನಾಲ್ಕು ಜನ ಹುಡುಗರು, ಎಲ್ಲರೂ ನಮ್ಮ ಕಡೆಯವರೇ. ಕ್ರಿಕೆಟ್ ಸಿಗದ ಹಸಿವಿಗೆ ಟಿವಿಯಲ್ಲಿ ಊರಿನ ಬೇಸ್‌ಬಾಲ್ ತಂಡ ಮ್ಯಾರಿನರ್ಸ್ ಆಟ ಹಾಕುತ್ತಿದ್ದೆವು. ಗ್ರಿಫಿ ನಿಲ್ಲುತ್ತಿದ್ದ ಸೆಂಟರ್ ಫೀಲ್ಡ್ ಅಂದ್ರೆ ಬೌಂಡರಿ ಕಾಯೋ ಕೆಲಸ, ಅಷ್ಟೇ ತಾನೇ ಅಂದುಕೊಂಡಿದ್ದೆ. ಗ್ರಿಫಿ ಓಡೋದನ್ನು ನೋಡಿದ ಮೇಲೆ ಆ ಮಾತು ನುಂಗಿಕೊಂಡೆ. ಬ್ಯಾಟಿಗೆ ಚೆಂಡು ತಾಗಿದ್ದೇ ತಡ, ಬೆನ್ನು ತಿರುಗಿಸಿ ಓಡುತ್ತಿದ್ದ. ಚೆಂಡು ಎಲ್ಲಿ ಇಳಿಯುತ್ತೋ ಅಲ್ಲಿ ಅವನ ಗ್ಲೌಸ್ ಮೊದಲೇ ಕಾಯುತ್ತಿರುತ್ತಿತ್ತು.

ಮೇ 26ರ ಆಟ ನನ್ನ ಕಣ್ಣಿಗೆ ಕಟ್ಟಿದಂತಿದೆ. ಕಿಂಗ್‌ಡೋಮ್ ಮೈದಾನ. ಬಾಲ್ಟಿಮೋರಿನ ಕೆವಿನ್ ಬಾಸ್ ಹೊಡೆದ ಚೆಂಡು ಬಲಗಡೆಯ ಗೋಡೆಯತ್ತ ಹೋಯಿತು. ಗ್ರಿಫಿ ಒಂದು ಚೂರೂ ವೇಗ ತಗ್ಗಿಸದೆ ಓಡಿ, ಹಾರಿ, ಬಲಗೈಯ ಗ್ಲೌಸಿನಲ್ಲಿ ಅದನ್ನು ಹಿಡಿದ. ಎಡಗೈ ಗೋಡೆಗೆ ಬಡಿದು ಮಣಿಕಟ್ಟು ಮುರಿಯಿತು. ಚೆಂಡು ಮಾತ್ರ ಗ್ಲೌಸಿನಲ್ಲೇ ಇತ್ತು. ನಮ್ಮ ರೂಮಿನಲ್ಲಿ ಯಾರೂ ಉಸಿರೆತ್ತಲಿಲ್ಲ. ಲೋಹದ ಪಟ್ಟಿ ಇಟ್ಟು ಏಳು ಸ್ಕ್ರೂ ಹಾಕಿದರು. ಈ ವರ್ಷ ಮುಗೀತು ಅಂದುಕೊಂಡೆವು. ಆಗಸ್ಟ್‌ನಲ್ಲಿ ವಾಪಸ್ ಬಂದ. ಅಕ್ಟೋಬರ್ 8ರಂದು ನ್ಯೂಯಾರ್ಕ್ ಯಾಂಕೀಸ್ ತಂಡದ ವಿರುದ್ಧ ಹನ್ನೊಂದನೇ ಇನ್ನಿಂಗ್ಸ್‌ನಲ್ಲಿ, ನಮ್ಮ ತಂಡದ ಎಡ್ಗರ್ ಮಾರ್ಟಿನೆಜ್ ಹೊಡೆದ ಡಬಲ್‌ಗೆ ಫಸ್ಟ್ ಬೇಸ್‌ನಿಂದ ಒಂದೇ ಉಸಿರಿಗೆ ಹೋಮ್ ಪ್ಲೇಟ್ (ರನ್ ಸಿಗುವ ಕೊನೆಯ ಗುರುತು) ವರೆಗೂ ಓಡಿ ಗೆಲುವಿನ ರನ್ ತಂದ. ತಂಡದವರೆಲ್ಲ ಅವನ ಮೇಲೆ ಬಿದ್ದರು. ಅಷ್ಟು ಜನರ ಅಡಿಯಲ್ಲಿ ಅವನ ನಗುಮುಖ ಕಾಣುತ್ತಿತ್ತು. ಈ ಊರು ನನ್ನದು ಅಂತ ಮೊದಲ ಸಲ ನನಗೆ ಅನಿಸಿದ್ದು ಆ ರಾತ್ರಿ.

ಆಮೇಲಿನ ನಾಲ್ಕು ವರ್ಷ ಹಬ್ಬ. 1996ರಲ್ಲಿ 49 ಹೋಮ್ ರನ್. 1997ರಲ್ಲಿ 56, ಮತ ಹಾಕಿದ ಎಲ್ಲರ ಓಟೂ ಬಂದು ಎಂವಿಪಿ, ಅಂದ್ರೆ ವರ್ಷದ ಅತ್ಯಂತ ಮೌಲ್ಯಯುತ ಆಟಗಾರ ಪ್ರಶಸ್ತಿ. 1998ರಲ್ಲಿ ಮತ್ತೆ 56, ಮರುವರ್ಷ 48. 1990ರಿಂದ 1999ರವರೆಗೆ ಪ್ರತಿ ವರ್ಷವೂ ಒಳ್ಳೆಯ ಫೀಲ್ಡರ್‌ಗೆ ಕೊಡುವ ಗೋಲ್ಡ್ ಗ್ಲೌವ್ ಪ್ರಶಸ್ತಿ. ಮೂವತ್ತು ತುಂಬುವ ಹೊತ್ತಿಗೆ 398 ಹೋಮ್ ರನ್ ಆಗಿತ್ತು. ಹ್ಯಾಂಕ್ ಆರನ್‌ನ 755 ಹೋಮ್ ರನ್ ದಾಖಲೆ ದಾಟೋದು ಗ್ಯಾರಂಟಿ ಅಂತ ಆಫೀಸಿನಲ್ಲೂ ಬಸ್ಸಿನಲ್ಲೂ ಅದೇ ಮಾತು.

2000ದಲ್ಲಿ ಅವನು ಸಿನ್ಸಿನಾಟಿಗೆ ಹೋದ. ಅಪ್ಪ ಆಡಿದ ತಂಡ, ತಾನು ಬೆಳೆದ ಊರು. ನನಗೆ ಬೇಜಾರಾಯಿತು, ಆದರೆ ತಪ್ಪು ಅನ್ನಿಸಲಿಲ್ಲ. ಮೊದಲ ವರ್ಷ 40 ಹೊಡೆದ. ಆಮೇಲೆ ಮೈ ಕೈಕೊಟ್ಟಿತು. ತೊಡೆಯ ಹಿಂದಿನ ಸ್ನಾಯು ಹ್ಯಾಮ್‌ಸ್ಟ್ರಿಂಗ್, ಮಂಡಿ, ಚೆಂಡಿಗೆ ಹಾರಿ ಕಳಚಿಕೊಂಡ ಭುಜ, ಪಾದದ ಕೀಲಿನಲ್ಲಿ ಹರಿದ ಸ್ನಾಯುರಜ್ಜು. ವರ್ಷಕ್ಕೆ 162 ಪಂದ್ಯದಲ್ಲಿ ಅವನು ಆಡಿದ್ದು 111, ಆಮೇಲೆ 70, ಆಮೇಲೆ 53, ಆಮೇಲೆ 83. ಬೆಳಗ್ಗೆ ಕಾಫಿ ಜೊತೆ ಪೇಪರ್ ತೆಗೆದು ಅವನ ಹೆಸರು ಹುಡುಕುತ್ತಿದ್ದೆ. ಇಲ್ಲದಿದ್ದರೆ ಹೋದ ಪಂದ್ಯಗಳನ್ನು ಲೆಕ್ಕಕ್ಕೆ ಸೇರಿಸುತ್ತಿದ್ದೆ, ನಿನ್ನ ಹಾಗೇ.

2004ರ ಫಾದರ್ಸ್ ಡೇ ದಿನ ಸೇಂಟ್ ಲೂಯಿಸ್‌ನಲ್ಲಿ ಐನೂರನೇ ಹೋಮ್ ರನ್ ಬಂತು. ಅವರಪ್ಪ ಅಲ್ಲೇ ಕೂತು ನೋಡುತ್ತಿದ್ದರು. 1990ರಲ್ಲಿ ಅಪ್ಪ ಮಗ ಒಂದೇ ತಂಡದಲ್ಲಿ ಒಬ್ಬರ ಹಿಂದೊಬ್ಬರು ಹೋಮ್ ರನ್ ಹೊಡೆದವರು. ಅದಾಗಿ ಎರಡು ತಿಂಗಳಿಗೆ, ಆಗಸ್ಟ್‌ನಲ್ಲಿ, ಅವನ ಬಲಗಾಲಿನ ಹ್ಯಾಮ್‌ಸ್ಟ್ರಿಂಗ್ ಮೂಳೆಯಿಂದಲೇ ಕಿತ್ತುಬಂತು. ನಿನಗಾಗಿದ್ದೂ ಅದೇ. ಸ್ಕ್ರೂ ಹಾಕಿ ಕೂರಿಸಿದರು. ವಯಸ್ಸು ಮೂವತ್ತನಾಲ್ಕು. ಮರುವರ್ಷ 128 ಪಂದ್ಯ ಆಡಿದ, 35 ಹೋಮ್ ರನ್ ಹೊಡೆದ. ನನ್ನ ಕೇಳಿದರೆ ಆ 56ಕ್ಕಿಂತ ಈ 35 ದೊಡ್ಡದು. ನೀನು ಹುಟ್ಟಿದ್ದೂ ಆ ವರ್ಷವೇ.

2007ರ ಜೂನ್‌ನಲ್ಲಿ ಸಿನ್ಸಿನಾಟಿ ತಂಡದ ಜೊತೆ ಮೊದಲ ಸಲ ಸಿಯಾಟಲ್‌ಗೆ ಬಂದ. ಭಾನುವಾರದ ಆಟಕ್ಕೆ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿದ್ದೆ. ನಿನಗೆ ಎರಡು ವರ್ಷ, ನನ್ನ ಕಿವಿ ಹಿಡಿದು ಕೂತಿದ್ದೆ. ಆಗ ಅವನು ಸೆಂಟರ್ ಬಿಟ್ಟು ರೈಟ್ ಫೀಲ್ಡಿಗೆ ಬಂದಿದ್ದ. ಮೊದಲಿನ ಓಟ ಇರಲಿಲ್ಲ, ಕಾಲನ್ನು ನೋಡಿಕೊಂಡು ಇಡುತ್ತಿದ್ದ. ಅವತ್ತು ನಮ್ಮ ತಂಡದ ಮೇಲೇ ಎರಡು ಹೋಮ್ ರನ್ ಹೊಡೆದ. ನಮ್ಮವರೇ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಗದ್ದಲದಲ್ಲಿ ಒಂದು ವಿಷಯ ಹೊಳೆಯಿತು. ಅಲ್ಲಿದ್ದ ಯಾರ ಬಾಯಲ್ಲೂ 755ರ ಮಾತಿಲ್ಲ. ಅವನು ಬಂದಿದ್ದಾನೆ, ಆಡ್ತಿದ್ದಾನೆ, ಅಷ್ಟೇ ಎಲ್ಲರಿಗೂ ಬೇಕಿತ್ತು. ನಾನೂ ಅವತ್ತಿಗೆ ಲೆಕ್ಕ ಬಿಟ್ಟೆ.

ಕೊನೆಗೆ 630ಕ್ಕೆ ನಿಂತ. 2010ರಲ್ಲಿ ಸಿಯಾಟಲ್‌ನಲ್ಲೇ ಆಟ ಮುಗಿಸಿದ. 2016ರಲ್ಲಿ ಶ್ರೇಷ್ಠ ಆಟಗಾರರನ್ನು ಗೌರವಿಸುವ ಬೇಸ್‌ಬಾಲಿನ ಹಾಲ್ ಆಫ್ ಫೇಮ್‌ಗೆ 440ರಲ್ಲಿ 437 ಓಟು ಬಂತು.

ಮತ್ತೆ ಓಡೋಕೆ ಆಗುತ್ತಾ ಅಪ್ಪ ಅಂತ ಕೇಳಿದೆಯಲ್ಲ. ನನಗೆ ಗೊತ್ತಿಲ್ಲ ಪುಟ್ಟಿ. ಡಾಕ್ಟರ್ ಹೇಳಿದ ವ್ಯಾಯಾಮ ಮಾಡು, ಬೇಗ ಬೇಗ ಅಂತ ಅವಸರ ಮಾಡಬೇಡ. ಬೇಜಾರಾದರೆ ರಾತ್ರಿ ಎಷ್ಟೊತ್ತಾದರೂ ಫೋನ್ ಮಾಡು.

ಶನಿವಾರ ಬರ್ತಿದ್ದೇವೆ. ನಿಮ್ಮಮ್ಮ ಚಟ್ನಿಪುಡಿ, ಕೋಡುಬಳೆ ಮಾಡಿಟ್ಟಿದ್ದಾಳೆ. ನಿನ್ನ ಗ್ಲೌಸ್ ಶೆಲ್ಫಿನಲ್ಲಿ ಒಣಗಿ ಬಿರುಸಾಗಿತ್ತು. ಎಣ್ಣೆ ಹಚ್ಚಿ ತಿಕ್ಕಿ, ಒಳಗೆ ಚೆಂಡಿಟ್ಟು ದಾರ ಕಟ್ಟಿದ್ದೇನೆ. ಬರುವಾಗ ತರ್ತೀನಿ. ಕೂತಲ್ಲೇ ಹಿಡಿಯೋಕೆ ಮೆಲ್ಲಗೆ ಎಸೀತೀನಿ.

ನಿನ್ನ
ಅಪ್ಪ