ಮಿನಾಮಿಜಾದ ಒಳಗೂ ಹೋಗು

ಚಿರಂಜೀವಿ ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಕ್ಯೋಟೋದಲ್ಲಿ ಮನೆ ಸಿಕ್ಕಿತು, ಕೆಲಸಕ್ಕೂ ಸೇರಿದೆ ಅಂತ ತಿಳಿದು ಖುಷಿಯಾಯಿತು. ಗಿಯೋನ್ ಕಡೆ ಹೋಗಿ, ಮಿನಾಮಿಜಾ ನಾಟಕಶಾಲೆ ಮುಂದೆ ಫೋಟೋ ತೆಗೆಸಿಕೊಂಡು, ಅರ್ಧ ದಿನದಲ್ಲಿ ಎಲ್ಲಾ ನೋಡಿ ಮುಗಿಸಿದೆ ಅಂತ ಬರೆದಿದ್ದೀಯ. ಅದನ್ನು ಓದಿ ಸುಮ್ನಿರಲು ಆಗಲಿಲ್ಲ. ನಿನ್ನ ದೊಡ್ಡಪ್ಪನ ಕೆಲಸದ ದೆಸೆಯಿಂದ ನಾವು ಓಸಾಕಾದಲ್ಲಿದ್ದಾಗ, ಬಿಡುವು ಸಿಕ್ಕಾಗಲೆಲ್ಲ ಕೇಹಾನ್ ರೈಲು ಹತ್ತಿ ಅಲ್ಲಿಗೇ ಹೋಗುತ್ತಿದ್ದೆವು. ಆ ಬೀದಿಯ ಮೇಲೆ ನನಗೆ ತುಂಬ ಪ್ರೀತಿ.

ನೀನು ದಾಟಿಬಂದ ಶಿಜೋ ಸೇತುವೆ ಕೆಳಗೆ ಕಾಮೋ ಹೊಳೆ ಇದೆಯಲ್ಲ, ಮಿನಾಮಿಜಾದಲ್ಲಿ ಆಡುವ ಕಬುಕಿ, ಅಂದರೆ ಹಾಡು, ಕುಣಿತ, ಮಾತು ಸೇರಿದ ಜಪಾನಿ ಆಟ, ಬೆಳೆದದ್ದು ಅದರ ದಂಡೆಯಲ್ಲೇ. 1603ರಲ್ಲಿ ಇಜುಮೋದ ಓಕುನಿ ಎಂಬ ಹೆಂಗಸು ಕ್ಯೋಟೋದಲ್ಲಿ ಗಂಡುವೇಷ ಹಾಕಿ ಕುಣಿದಳು. ಜನ ಮುಗಿಬಿದ್ದು ನೋಡಿದರು. ಸೇತುವೆ ಪಕ್ಕ ಅವಳ ಪ್ರತಿಮೆ ಇದೆ, ಹೆಗಲ ಮೇಲೆ ಕತ್ತಿ, ಕೈಯಲ್ಲಿ ಬೀಸಣಿಗೆ. ಆದರೆ 1629ರಲ್ಲಿ ಸರ್ಕಾರ ಹೆಂಗಸರು ರಂಗದ ಮೇಲೆ ಬರುವುದನ್ನೇ ನಿಷೇಧಿಸಿತು. ಅವಳಿಂದ ಶುರುವಾದ ಆಟದಲ್ಲಿ ಇವತ್ತಿಗೂ ಹೆಣ್ಣಿನ ಪಾತ್ರ ಮಾಡುವವರು ಗಂಡಸರೇ. ಇದನ್ನು ನೆನೆದರೆ ನನಗೆ ಈಗಲೂ ಸಂಕಟ. ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದ ನಿನಗೆ ನೋಡಲು ಮಾತ್ರ ಏನೂ ಹೊಸದೆನಿಸುವುದಿಲ್ಲ.

ಹಿಂದೆ ಆ ಆಸುಪಾಸಿನಲ್ಲಿ ಪರವಾನಗಿ ಪಡೆದ ಏಳು ನಾಟಕಶಾಲೆಗಳಿದ್ದವು. ಒಂದೊಂದೇ ಹೋದವು. ಎದುರಿಗಿದ್ದ ಕಿತಾಜಾ 1893ರಲ್ಲಿ ಮುಚ್ಚಿತು. ಉಳಿದದ್ದು ಮಿನಾಮಿಜಾ ಒಂದೇ. ನಾನೂರು ವರ್ಷದ ಕಟ್ಟಡ ಅಂತ ನೀನು ಬರೆದಿದ್ದೀಯ, ಈಗ ಕಾಣುವುದು 1929ರದ್ದು. ಹಳೇ ಕಾಲದ ಚಾವಣಿಯಂತೆ ಕಂಡರೂ ಒಳಗಿರುವುದು ಉಕ್ಕು, ಕಾಂಕ್ರೀಟು. ನಾನೂರು ವರ್ಷ ಆಗಿರುವುದು ಅಲ್ಲಿನ ಆಟಕ್ಕೆ. ಭೂಕಂಪ ತಡೆಯುವಂತೆ ಗಟ್ಟಿ ಮಾಡಲು 2016ರಲ್ಲಿ ಬಾಗಿಲು ಹಾಕಿದ್ದರು, ಮತ್ತೆ ತೆರೆದದ್ದು 2018ರ ನವೆಂಬರಿನಲ್ಲಿ. ಆಗಲೂ ಡಿಸೆಂಬರ್ ಆಟ ತಪ್ಪಲಿಲ್ಲ. ಒಂದು ವರ್ಷ ಹೊಳೆಯಾಚೆ ಪೊಂತೋಚೋದ ರಂಗಮಂದಿರದಲ್ಲಿ, ಮರುವರ್ಷ ಕ್ಯೋಟೋದಲ್ಲೇ ಇರುವ ರೋಮ್ ಥಿಯೇಟರಿನಲ್ಲಿ ಆಡಿದರು.

ಆ ಡಿಸೆಂಬರ್ ಆಟಕ್ಕೆ ಕಾವೋಮಿಸೆ ಅನ್ನುತ್ತಾರೆ. ನವೆಂಬರ್ ಕೊನೆಗೆ ಕಟ್ಟಡದ ಮುಂಭಾಗದಲ್ಲಿ ನಟರ ಹೆಸರಿನ ಮರದ ಹಲಗೆಗಳನ್ನು ಸಾಲಾಗಿ ಏರಿಸುತ್ತಾರೆ. ಆಗ ಹೋಗಿ ಕೆಳಗೆ ನಿಂತು ಅಕ್ಷರ ನೋಡು. ಹಲಗೆ ಆಳೆತ್ತರ ಇರುತ್ತದೆ. ಶಾಯಿಗೆ ಸಾಕೆ ಮದ್ಯ ಬೆರೆಸಿ, ದಪ್ಪ ಕುಂಚದಲ್ಲಿ, ನಡುವೆ ಜಾಗವೇ ಉಳಿಯದಂತೆ ಬರೆದಿರುತ್ತಾರೆ. ಸಭೆಯೂ ಹಾಗೇ ತುಂಬಲಿ ಅಂತ. ಗೆರೆಗಳೆಲ್ಲ ಒಳಮುಖವಾಗಿ ಬಾಗಿರುತ್ತವೆ, ಜನ ಒಳಗೆ ಬರಲಿ ಅಂತ.

ಡಿಸೆಂಬರಿನಲ್ಲಿ ಗಿಯೋನಿನ ಮೈಕೋ, ಅಂದರೆ ಗೇಯ್ಷಾ ಆಗಲು ಕಲಿಯುತ್ತಿರುವ ಹುಡುಗಿಯರ ಮುಡಿಯಲ್ಲೂ ಆ ಹಲಗೆಗಳ ಪುಟ್ಟ ಮಾದರಿ ಇರುತ್ತದೆ. ಖಾಲಿ ಹಲಗೆ ಅದು. ನಾಟಕಶಾಲೆಗೆ ಹೋಗಿ ತಮಗಿಷ್ಟವಾದ ನಟನ ಹತ್ತಿರ ಅದರ ಮೇಲೆ ಹೆಸರು ಬರೆಸಿಕೊಳ್ಳುತ್ತಾರೆ. ಒಂದು ದಿನ ಎಲ್ಲರೂ ಸೇರಿ ಎರಡೂ ಪಕ್ಕದ ಬಾಕ್ಸ್ ಸೀಟುಗಳಲ್ಲಿ ಕೂತು ಆಟ ನೋಡುತ್ತಾರೆ. ನಾಟಕಶಾಲೆಗೂ ಸುತ್ತಲಿನ ಬೀದಿಗಳಿಗೂ ಅಷ್ಟು ನಂಟು.

ಇನ್ನೊಂದು ವಿಷಯ, ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಓಣಿಯಲ್ಲಿ ಮೈಕೋ ಒಬ್ಬಳ ಹಿಂದೆ ಫೋನ್ ಹಿಡಿದು ಓಡಿದೆ ಅಂತ ಬರೆದಿದ್ದೀಯ. ಅವಳು ಹದಿನಾರೋ ಹದಿನೇಳೋ ವರ್ಷದ ಹುಡುಗಿ, ಕೆಲಸಕ್ಕೆ ಹೊರಟವಳು. ನಮ್ಮನೆ ಹುಡುಗಿಯ ಹಿಂದೆ ಯಾರಾದರೂ ಹಾಗೆ ಬಂದರೆ ನೀನು ಬಿಡುತ್ತಿದ್ದೆಯಾ? ಕಿರುಕುಳ ಜಾಸ್ತಿಯಾಗಿ ಅಲ್ಲಿನವರು 2019ರಲ್ಲಿ ಖಾಸಗಿ ಓಣಿಗಳಲ್ಲಿ ಫೋಟೋ ತೆಗೆದರೆ 10,000 ಯೆನ್ ದಂಡ ಅಂತ ಬೋರ್ಡ್ ಹಾಕಿದರು. 2024ರಲ್ಲಿ ಕೆಲವು ಓಣಿಗಳನ್ನು ಪ್ರವಾಸಿಗರಿಗೆ ಮುಚ್ಚಿಯೇ ಬಿಟ್ಟರು. ಇನ್ನು ಮುಂದೆ ನೀನು ಆ ಊರಿನವನು. ದಾರಿ ಬಿಟ್ಟು ನಿಲ್ಲು, ಅವಳ ಪಾಡಿಗೆ ಅವಳು ಹೋಗಲಿ.

ಒಂದು ಟಿಕೆಟ್ ತಗೊಂಡು ಒಳಗೆ ಹೋಗು. ಮೂರನೇ ಮಹಡಿ ಸೀಟು ಅಗ್ಗ, ಅಲ್ಲಿಂದಲೂ ಚೆನ್ನಾಗಿ ಕಾಣುತ್ತದೆ. ಭಾಷೆ ತಿಳಿಯಲ್ಲ ಅಂತ ಹೆದರಬೇಡ, ಕಥೆ ಮೊದಲೇ ಓದಿಕೊಂಡು ಹೋಗು. ಸಭಿಕರ ನಡುವೆ ಹಾದುಹೋಗುವ ಹನಮಿಚಿ ಎಂಬ ದಾರಿಯ ಮೇಲೆ ನಟ ಬಂದು ನಿಂತಾಗ, ಹಿಂದಿನಿಂದ ರಸಿಕರು ಅವನ ಮನೆತನದ ಹೆಸರು ಕೂಗುತ್ತಾರೆ. ನೀನು ಕೂಗಲು ಹೋಗಬೇಡ, ಅದಕ್ಕೆ ವೇಳೆ ಗೊತ್ತಿರಬೇಕು. ಮುಗಿದ ಮೇಲೆ ಪಕ್ಕದಲ್ಲೇ ಇರುವ ಮತ್ಸುಬಾ ಅಂಗಡಿಯಲ್ಲಿ ನಿಶಿನ್ ಸೋಬಾ ತಿನ್ನು. ಬಿಸಿ ಸಾರಿನ ಶ್ಯಾವಿಗೆ ಮೇಲೆ ಸಿಹಿಯಾಗಿ ಬೇಯಿಸಿದ ಒಣ ಹೆರಿಂಗ್ ಮೀನು. ನೀನು ಮೀನು ತಿನ್ನುವವನು, ಇಷ್ಟವಾಗುತ್ತದೆ. ಅಂಗಡಿ 1861ರದ್ದು.

ಕಾವೋಮಿಸೆ ಟಿಕೆಟ್ ಬೇಗ ಖಾಲಿಯಾಗುತ್ತದೆ. ಮೊದಲ ಸಂಬಳದಲ್ಲೇ ಅದಕ್ಕೆ ದುಡ್ಡು ಎತ್ತಿಡು. ನೋಡಿದ ಮೇಲೆ ಯಾವ ಆಟ, ಯಾರ ಪಾತ್ರ ಅಂತೆಲ್ಲ ಬಿಡಿಸಿ ಬರೆ.

ಇಂತಿ,
ನಿನ್ನ ದೊಡ್ಡಮ್ಮ