ಮಗಳಿಗೆ ವರ್ಷ ತುಂಬಿತು, ಚಿಕ್ಕಿಯ ಋಣ ಬಾಕಿ ಇದೆ

ಈ ಸಲದ ಥೈರಾಯ್ಡ್ ರಿಪೋರ್ಟೂ ಸರಿಯಾಗಿ ಬಂದಿದೆ. ಮಗಳು ಗೋಡೆ ಹಿಡಿದು ನಿಲ್ಲುತ್ತಾಳೆ, ನಾಯಿಯನ್ನು ತನ್ನದೇ ಭಾಷೆಯಲ್ಲಿ ಗದರಿಸುತ್ತಾಳೆ. ಹುಟ್ಟಿನಿಂದಲೇ ಅವಳ ಥೈರಾಯ್ಡ್ ಗ್ರಂಥಿ ದೇಹಕ್ಕೆ ಬೇಕಾದಷ್ಟು ಹಾರ್ಮೋನು ಮಾಡುತ್ತಿರಲಿಲ್ಲ; ಹಿಮ್ಮಡಿಯ ರಕ್ತ ಪರೀಕ್ಷೆಯಿಂದ ಅದು ಬೇಗ ಗೊತ್ತಾಯಿತು.

ಡಿಸ್ಚಾರ್ಜಿಗೆ ಮುಂಚೆ ‘ಹಿಮ್ಮಡಿಯ ರಕ್ತ ಕೊಟ್ಟೇ ಹೋಗಿ’ ಎಂದು ಪಟ್ಟು ಹಿಡಿದ ನರ್ಸ್ ಅಕ್ಕ, ಮಳೆಯಲ್ಲೂ ತೂಕ ನೋಡಲು ಬರುತ್ತಿದ್ದ ಆಶಾ ಕಾರ್ಯಕರ್ತೆ, ಕುಮಟಾದಿಂದ ಮಣಿಪಾಲಕ್ಕೆ ನಸುಕಿನಲ್ಲೇ ಕಾರು ಹೊರಡಿಸಿದ ಭಾವ, ನನ್ನ ಕ್ಲಾಸುಗಳನ್ನು ಹಂಚಿಕೊಂಡ ಗೆಳತಿಯರು, ಎಲ್ಲರಿಗೂ ನಮಸ್ಕಾರ.

ಇನ್ನು ಚಿಕ್ಕಿ.

ಲ್ಯಾಬಿನ ಫೋನು ಬಂದದ್ದು ಸಂಜೆ. ಟಿಎಸ್‌ಎಚ್, ಅಂದರೆ ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನು, ಜಾಸ್ತಿ ಇದೆ, ಮತ್ತೊಮ್ಮೆ ರಕ್ತ ತೆಗೆದು ನೋಡಬೇಕು. ಮನೆಯಲ್ಲಿ ಇನ್ನೂ ಪುರುಡು ಕಳೆದಿರಲಿಲ್ಲ. ‘ಕೂಸು ಹಾಲು ಕುಡೀತದೆ, ಅಳ್ತದೆ, ಇನ್ನೆಂಥ ಪರೀಕ್ಷೆ? ಹೆಸರಿಡೂದು ಮುಗೀಲಿ’ ಎಂದರು ಹಿರಿಯರು. ಮಡಿ ಮೈಲಿಗೆಯಲ್ಲಿ ಅವರಿಗಿಂತ ಒಂದು ಕೈ ಮೇಲಾದ ಚಿಕ್ಕಿಯೇ ಬಾಳಂತಿ ಕೋಣೆಗೆ ಬಂದು ಕೂತಳು. ‘ಹೆಸರು ಮುಂದಿನ ತಿಂಗಳೂ ಇಡಲಿಕ್ಕಾಗ್ತದೆ. ನಾಳೆ ಬೆಳಿಗ್ಗೆ ಹೊರಡೂದು.’

ಆ ರಾತ್ರಿ ಕರೆಂಟಿಲ್ಲ. ನನ್ನ ಮೊಬೈಲು ಕಸಿದು ಅಕ್ಕಿ ಡಬ್ಬಕ್ಕೆ ಹಾಕಿದಳು. ಹುಟ್ಟುವಾಗ ಹೆಚ್ಚಿನ ಮಕ್ಕಳಲ್ಲಿ ಏನೂ ಲಕ್ಷಣ ಕಾಣದಿರುವುದೇ ಇದರ ಮೋಸ ಎಂದು ಅಷ್ಟರಲ್ಲಿ ಓದಿಬಿಟ್ಟಿದ್ದೆ. ನಡುರಾತ್ರಿ ಅವಳು ತನ್ನ ಕೇರಿಯ ಒಬ್ಬನ ಸುದ್ದಿ ತೆಗೆದಳು. ಊರೆಲ್ಲ ಪೆದ್ದ ಎಂದು ಕರೆದ, ತಾಯಿ ಮುದುಕಿಯಾದರೂ ಅವಳ ಕೈತುತ್ತೇ ಉಂಡ ಮಗ. ಅವನಿಗೆ ಇದೇ ಇತ್ತೋ, ಬೇರೇನೋ, ಯಾರೂ ನೋಡಿಸಿರಲಿಲ್ಲ. ಬಾಯಿಗೆ ಸೆರಗು ತುರುಕಿಕೊಂಡು ಅತ್ತುಬಿಟ್ಟೆ. ಇಂಥ ಹೊತ್ತಲ್ಲಿ ಇಂಥ ಕಥೆ ಹೇಳುವವರುಂಟೇ ಎಂದು ಸಿಟ್ಟೂ ಬಂತು. ಚಿಕ್ಕಿ ಸಮಾಧಾನ ಮಾಡಲಿಲ್ಲ. ‘ಅವನ ಆಯಿಗೆ ಯಾರೂ ಫೋನು ಮಾಡಿರಲಿಲ್ಲ ಮಾರಾಯ್ತಿ. ನಿಂಗೆ ಮಾಡಿದಾರೆ’ ಅಂದಳು. ಬೆಳಗಿನವರೆಗೂ ಕೂಸು ಅವಳ ಮಡಿಲಲ್ಲೇ ಇತ್ತು.

ಹುಟ್ಟಿದ ಎರಡು ವಾರದೊಳಗೆ ಥೈರಾಯ್ಡ್ ಮಾತ್ರೆ ಶುರುವಾಗಬೇಕು, ತಡವಾದಷ್ಟೂ ಮಿದುಳಿಗೆ ಪೆಟ್ಟು ಎಂದಿದ್ದರು ಡಾಕ್ಟರು. ಶುರುವಾಯಿತು. ಮಾತ್ರೆ ಪುಡಿಮಾಡಿ, ಎದೆಹಾಲಿನಲ್ಲಿ ಕಲಸಿ ಒಳಲೆಯಲ್ಲಿ ಕುಡಿಸುವುದನ್ನು ನನಗಿಂತ ಮೊದಲು ಕಲಿತವಳು ಚಿಕ್ಕಿ. ಆಮೇಲೆ ಕಬ್ಬಿಣದ ಟಾನಿಕ್ ಅದರ ಜೊತೆಗೇ ಕೊಡಬಾರದೆಂದು ನನ್ನನ್ನು ಬೈದವಳೂ ಅವಳೇ.

ಬಸುರಿಯರು ಯಾರಾದರೂ ಓದುತ್ತಿದ್ದರೆ: ಈ ಪರೀಕ್ಷೆ ನಮ್ಮಲ್ಲಿ ಎಲ್ಲ ಕಡೆ ತಾನಾಗಿ ಆಗುವುದಿಲ್ಲ. ಮಗು ಹುಟ್ಟಿ 48 ಗಂಟೆ ಕಳೆದ ಮೇಲೆ ಹಿಮ್ಮಡಿಯಿಂದ ಕೆಲವು ಹನಿ ರಕ್ತ, ಅಷ್ಟೇ. ಕೇಳಿ ಮಾಡಿಸಿಕೊಳ್ಳಿ.

ಮೂರು ವರ್ಷವಾದ ಮೇಲೆ ಮಾತ್ರೆ ನಿಲ್ಲಿಸಿ ಮತ್ತೆ ರಕ್ತ ನೋಡುತ್ತಾರಂತೆ, ಜೀವನಪೂರ್ತಿ ಬೇಕೋ ಬಿಡಬಹುದೋ ಎಂದು. ಚಿಕ್ಕೀ, ಆಗಲೂ ಹಿಂದಿನ ರಾತ್ರಿ ನೀನೇ ಬಂದು ಉಳಿಯಬೇಕು.